ಎತ್ತಿದ ಕೈ

ಶೀಟಿ ಊದಿದರೂ ಕಳಕಪ್ಪ ಯಂತ್ರ ನಿಲ್ಲಿಸಲಿಲ್ಲ. ಗಜೇಂದ್ರಗಡದ ಕಲ್ಲಿನ ಖಣಿಯಲ್ಲಿ ಅಂದು ಅವನ ಪರೀಕ್ಷೆ. ಪಾಸಾದರೆ ಆಳದಿಂದ ಕಲ್ಲು ಎತ್ತುವ ಆ ವಿಂಚ್ ಅವನ ಕೈಗೆ ಬರುತ್ತಿತ್ತು. ಮುಂಬಯಿಯಿಂದ ಬಂದಿದ್ದ ಸಾಹೇಬರು ಅವನ ಬೆನ್ನ ಹಿಂದೆ ನಿಂತು ಇನ್ನೊಮ್ಮೆ ಊದಿದರು. ಕಲ್ಲು ತುಂಬಿದ ಕಬ್ಬಿಣದ ತೊಟ್ಟಿ ಏರುತ್ತಲೇ ಇತ್ತು.

ಕೆಲಸ ಕಲಿಸಿದ ಮುದಿಯಪ್ಪ ಎದುರಿಗೆ ಓಡಿಬಂದು ಕೈ ಎತ್ತಿದ. ತೊಟ್ಟಿ ಒಂದಿಷ್ಟೂ ತೂಗಾಡದೆ ನಿಂತಿತು. ಕಲಿಸುವಾಗ ತಾನು ಶೀಟಿಯ ಜೊತೆಗೆ ಕೈಯನ್ನೂ ಎತ್ತುತ್ತಿದ್ದದ್ದು ಮುದಿಯಪ್ಪನಿಗೆ ಆಗ ಹೊಳೆಯಿತು. ಹತ್ತಿರ ಹೋಗಿ, "ನಿನಗ ಕೇಳಸಂಗಿಲ್ಲೇನೋ?" ಎಂದು ಕೂಗಿದ.

"ಹ್ವಾದ ವರ್ಷ ಮದ್ದು ಸಿಡದಾಗಿಂದ ಕಿವಿ ಮಂದ ಆಗ್ಯಾವ್ರಿ. ಹೇಳಿದ್ರ ನೀವು ಕಲಸ್ತಿದ್ದಿಲ್ಲ."

ಮುದಿಯಪ್ಪ ಸಾಹೇಬರ ಕಡೆ ತಿರುಗಿದ. "ಕೆಲಸ ಭಾಳ ಚಲೋ ಮಾಡ್ತಾನ್ರಿ. ಇನ್ನೊಮ್ಮೆ ನೋಡ್ರಿ, ನಾ ಮುಂದ ನಿಂದರ್ತೀನಿ." ಸಾಹೇಬರು ಆಗಲೆಂದು ತಲೆಯಾಡಿಸಿದರು.

ಮಾತು ಕೇಳಿಸದಿದ್ದರೂ ಕಳಕಪ್ಪನಿಗೆ ಅರ್ಥವಾಯಿತು. ಅವನು ಕೆಳಗೆ ಬಗ್ಗಿ ನೋಡಿದ. ಆಳದಲ್ಲಿ ಅವನ ಹೆಂಡತಿ ಅನ್ನವ್ವ, ಉಳಿದ ಹೆಂಗಸರೊಂದಿಗೆ ಕಲ್ಲು ಆಯುತ್ತಿದ್ದಳು. ಅವನು ತೊಟ್ಟಿಯನ್ನು ಮೆಲ್ಲಗೆ ಮೇಲೆ ತಂದು ದಡದಲ್ಲಿ ಇಳಿಸಿದ, ಯಂತ್ರ ಬಂದ್ ಮಾಡಿದ.

"ಬ್ಯಾಡ್ರಿ ಯಣ್ಣಾ" ಎಂದ. "ದಿನಾ ನನ್ನ ಮುಂದ ನೀವು ನಿಂದ್ರಾಕ ಆಗಂಗಿಲ್ಲ. ಕೆಳಗ ನಮ್ಮಾಕಿ ಅದಾಳ."

ಮುದಿಯಪ್ಪ ಅವನ ಎರಡೂ ಕೈ ಹಿಡಿದುಕೊಂಡ.