ಬೇಳೆಕಾಳಿನ ಸಾಲಿನಲ್ಲಿ ಕನ್ನಡ

ಗಂಡನಿಗೆ ಕಾರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ವಾರಿಜಾ ಮೆಕ್ಸಿಕೋಗೆ ಬಂದು ಎಂಟು ತಿಂಗಳಾಗಿತ್ತು. ಅವನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದ. ಅಲ್ಲಿಯವರೆಗೆ ಅವಳ ಜೊತೆ ಮಾತಿಗೆ ಯಾರೂ ಇರಲಿಲ್ಲ. ಅದಕ್ಕೇ ಸಾಮಾನು ಬೇಕಿರಲಿ ಬೇಡದಿರಲಿ, ದಿನಾ ಊರಾಚೆಯ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋಗಿ ಗಾಡಿ ತಳ್ಳಿಕೊಂಡು ಸುತ್ತುತ್ತಿದ್ದಳು. ಸುತ್ತಲಿನ ಸ್ಪ್ಯಾನಿಶ್ ಮಾತು ಒಂದೂ ಅರ್ಥವಾಗದಿದ್ದರೂ ಜನರ ಸದ್ದಾದರೂ ಇರುತ್ತಿತ್ತು.

ಆ ಮಂಗಳವಾರ ಬೇಳೆಕಾಳಿನ ಸಾಲಿನಲ್ಲಿ ಒಬ್ಬ ಗಂಡಸಿನ ದನಿ ಕೇಳಿ ಅವಳ ಕಾಲು ನಿಂತೇಹೋಯಿತು.

“ತೊಗರಿಬ್ಯಾಳಿ ಎಲ್ಲೂ ಇಲ್ಲ ನೋಡು. ಮತ್ತ ಯಾವ್ದು ತರ್ಲಿ?”

ಧಾರವಾಡದ ಕಡೆಯ ಕನ್ನಡ! ನಡುವಯಸ್ಸಿನ ಆತ ಮೊಬೈಲು ಕಿವಿಗೆ ಒತ್ತಿಕೊಂಡಿದ್ದ.

“ಆ ಹಳದಿ ಬಟಾಣಿ ಬೇಳೆ ತಗೊಳ್ಳಿ. ಸಾರಿಗೆ ಚೆನ್ನಾಗಿ ಬೇಯುತ್ತೆ,” ಎಂದಳು ವಾರಿಜಾ.

ಆತ ಬೆರಗಾಗಿ ತಿರುಗಿದ. “ಅಕ್ಕಾರ, ನೀವು ನಮ್ಮ ಕಡೆಯವರೇನ್ರಿ?”

“ಹೂಂ, ಮಂಡ್ಯದವಳು. ಫೋನಲ್ಲಿರೋದು ನಿಮ್ಮ ಮನೆಯವರಾ? ಒಂದು ನಿಮಿಷ ಕೊಡಿ, ನಾನೂ ಮಾತಾಡ್ತೀನಿ. ದಮ್ಮಯ್ಯ ಅಂತೀನಿ, ಇಲ್ಲಿ ನಂಗೆ ಒಬ್ಬರೂ ಗೊತ್ತಿಲ್ಲ.”

ಆತ ಮೊಬೈಲನ್ನು ಮೆಲ್ಲಗೆ ಕೆಳಗಿಳಿಸಿದ.

“ಫೋನಿನ್ಯಾಗ ಯಾರೂ ಇಲ್ರಿ ಅಕ್ಕಾರ. ನಮ್ಮೋರು ಯಾರರೆ ಕೇಳಿ ತಿರುಗಿ ನೋಡ್ತಾರೇನೋ ಅಂತ, ವರ್ಷದಿಂದ ಈ ಊರಿನ ಎಲ್ಲಾ ಅಂಗಡ್ಯಾಗೂ ಹಿಂಗ ಮಾತಾಡ್ಕೋತ ಅಡ್ಡಾಡಾಕತ್ತೀನಿ.”