ಬೋಟಿಗೊಂದು ನಿಲ್ಲದ ಪಂಪು

"ಈ ಪಂಪು ನಿಂತುಹೋದ್ರೆ ಮನುಷ್ಯ ಸಾಯ್ತಾನೇನು?"

ಮಾಲತೇಶನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಚನ್ನಗಿರಿಯ ಅವನ ಪಂಪಿನ ಅಂಗಡಿಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದವಳು ಕೆರೆಬಿಳಚಿಯ ಕಸ್ತೂರಮ್ಮ. ಕೇಳಿದ್ದು ಗಂಡನ ವಿಷಯ.

ಗಂಡ ನಾಗೇಂದ್ರಪ್ಪ ಮೀನಿನ ಗುತ್ತಿಗೆದಾರ. ಒಂದೂವರೆ ವರ್ಷದ ಹಿಂದೆ, "ನಿನ್ನ ಒಲೆಯ ಹಂಗು ನನಗಿಲ್ಲ" ಎಂದು ಊರಿಗೆಲ್ಲ ಕೇಳುವಂತೆ ಕೂಗಿ, ಸೂಳೆಕೆರೆಯ ಹಳೆಯ ಪ್ರವಾಸಿ ಬೋಟೊಂದರಲ್ಲಿ ಬಿಡಾರ ಹೂಡಿದ್ದ. ಮಂಡಿನೋವಿನ ಮನುಷ್ಯ. ಬೋಟಿನ ಹಿಂಬದಿಯಲ್ಲಿ ಸೌದೆ ಬಾಯ್ಲರ್, ಮಂಚದ ಕೆಳಗೆ ಪೈಪು, ಅದರಲ್ಲಿ ಬಿಸಿನೀರು ಸುತ್ತುತ್ತಿರಲು ಬ್ಯಾಟರಿಯ ಪುಟ್ಟ ಪಂಪು. ಈ ವರ್ಷ ಆಗಲೇ ಮೂರು ಪಂಪು ಕೆಟ್ಟಿದ್ದವು.

"ಸಾಯಲ್ಲಮ್ಮ. ಪೈಪು ತಣ್ಣಗಾಗತೈತೆ. ಮಂಡಿ ಹಿಡ್ಕಂತಾವೆ, ಅಷ್ಟೇ."

"ಅಷ್ಟೇನಾ? ಸತ್ತೇ ಹೋಗ್ತೀನಿ ಅಂತಾರೆ."

ಅವಳ ದನಿಯಲ್ಲಿ ಕನಿಕರದ ಸುಳಿವಿರಲಿಲ್ಲ. ಶುದ್ಧ ದ್ವೇಷವಿತ್ತು. ಈಕೆ ಬೇಗ ಕೆಡುವ ಮಾಲು ಕೇಳುತ್ತಾಳೆ, ಕೊಡಬಾರದು ಎಂದು ಮಾಲತೇಶ ಮನಸ್ಸಿನಲ್ಲೇ ನಿರ್ಧರಿಸಿದ.

ಕಸ್ತೂರಮ್ಮ ಚೀಟಿಯೊಂದನ್ನು ಚಾಚಿದಳು. ನಾಗೇಂದ್ರಪ್ಪನ ಅಕ್ಷರ: 'ಹಿಂದಿನದೇ ಕೊಡು. ಅಗ್ಗದ್ದು ಸಾಕು.' ಗಂಡನೇ ಬರೆದಿದ್ದಾನಲ್ಲ ಎಂದು ಮಾಲತೇಶ ಪ್ಲಾಸ್ಟಿಕ್ ಪಂಪು ತೆಗೆದಿಟ್ಟ. ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು.

"ಇದರಾಗೆ ಸವೆಯೋದು ಏನು?"

"ಮೋಟಾರಿನ ಕಾರ್ಬನ್ನು. ಮೂರು ನಾಲ್ಕು ತಿಂಗಳು ಬರತೈತೆ."

"ಸವೆಯದೇ ಇರೋದು ಕೊಡು."

ಮಾಲತೇಶ ತಬ್ಬಿಬ್ಬಾದ. ಒಳಗಿನಿಂದ ಹಿತ್ತಾಳೆ ಬಾಡಿಯ ಪಂಪು ತಂದ. "ಇದಕ್ಕೆ ಕಾರ್ಬನ್ನೇ ಇಲ್ರೀ. ಹಗಲು ರಾತ್ರಿ ಓಡಿದ್ರೂ ಆರೇಳು ವರ್ಷಕ್ಕೆ ಮೋಸ ಇಲ್ಲ."

"ಕೆರೆ ನೀರಿನ ಕೆಸರು?"

"ಮುಂದೆ ಜಾಲರಿ ಹಾಕಿದ್ರಾಯ್ತು."

"ಹಾಕು. ಎರಡು ಪಂಪು ಕೊಡು. ಒಂದು ನಿಂತ್ರೆ ಇನ್ನೊಂದು ಓಡ್ತಿರಬೇಕು."

"ಅವರು ಅಗ್ಗದ್ದು ಕೇಳಿದಾರಲ್ಲಮ್ಮ?"

"ಅವರು ಕೇಳಿದ್ದನ್ನ ಈ ಜನ್ಮದಾಗೆ ಕೊಡಲ್ಲ." ಅವಳು ಚೀಟಿಯನ್ನು ನಾಲ್ಕು ಚೂರು ಮಾಡಿದಳು. "ಹಂಗು ಬೇಡ ಅಂದ್ರಲ್ಲ, ಹಂಗಿಲ್ಲದಂಗೇ ಬೆಚ್ಚಗೆ ಬಾಳಲಿ."

ಪಂಪಿನ ತೂಕ ನೋಡಲು ಕೈ ಚಾಚಿದಾಗ ಸೆರಗು ಜಾರಿತು. ಮುಂಗೈಯಿಂದ ಮೊಣಕೈವರೆಗೆ ಹಸಿ ಸುಟ್ಟಗಾಯ, ಮೇಲೆ ಮುಲಾಮು.

"ಇದೇನ್ರಮ್ಮ?"

"ಬಿಸಿನೀರು. ಮೊನ್ನೆ ಪಂಪು ಕೆಟ್ಟ ಮಾರನೇ ದಿನ."

ಪಾಪ, ಬೋಟಿಗೆ ಹೋಗಿ ತಾನೇ ಬಾಯ್ಲರಿಗೆ ಕೈ ಹಾಕಿದ್ದಾಳೆ, ಎಂದುಕೊಂಡ ಮಾಲತೇಶ. ಬಾಯಲ್ಲಿ ಎಷ್ಟೇ ಸಿಟ್ಟಿದ್ದರೂ ಗಂಡ ನಡುಗುವುದು ಇವಳಿಗೆ ಆಗದು. ಅಂಥವಳನ್ನು ಅನುಮಾನಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಎರಡೂ ಪಂಪುಗಳನ್ನು ತಾನೇ ಓಡಿಸಿ ನೋಡಿ, ಜೋಪಾನವಾಗಿ ಕಟ್ಟಿದ.

"ನಾಳೆ ನಾನೇ ಬಂದು ಕೂರಿಸ್ತೀನಿ."

"ನಾಳೆ ಬ್ಯಾಡ. ಇವತ್ತೇ ಬಾ, ತಮ್ಮಾ. ಕತ್ತಲಾಗೋದ್ರೊಳಗೆ ಬೋಟು ಬೆಚ್ಚಗಾಗಬೇಕು."

"ಒಂದು ರಾತ್ರಿ ಚಳಿ ತಡ್ಕಳಾಕೆ ಆಗಲ್ವೇನ್ರೀ ಅವರಿಗೆ?"

ಕಸ್ತೂರಮ್ಮ ಸುಟ್ಟ ಕೈಯ ಮೇಲೆ ಸೆರಗು ಎಳೆದುಕೊಂಡಳು.

"ಅವರು ಯಾವತ್ತು ಚಳಿಯಾಗೆ ಮಲಗಿದಾರೆ? ಪಂಪು ಕೆಟ್ಟಾಗೆಲ್ಲ ಮನೆಗೆ ಬರ್ತಾರೆ."