ಐದು ನಿಮಿಷದ ಅಭ್ಯಾಸ

ಆಪರೇಷನ್ನಿನ ಒಪ್ಪಿಗೆ ಪತ್ರದಲ್ಲಿ ‘ಹೃದಯವನ್ನು ನಿಲ್ಲಿಸಲಾಗುವುದು’ ಎಂಬ ಸಾಲಿಗೆ ಬಂದು ಗುಬ್ಬಿಯ ಅಮ್ಮನ ಪೆನ್ನು ನಿಂತೇಬಿಟ್ಟಿತು. ಎದುರಿಗಿದ್ದ ಅರಿವಳಿಕೆ ಡಾಕ್ಟರು ಅವಸರಪಡಿಸಲಿಲ್ಲ. ಕಿಟಕಿಯ ಬಳಿ ನಾಲ್ಕು ವರ್ಷದ ಗುಬ್ಬಿ, ನಾಳೆ ತನಗೆ ಹಾಕುವ ಮಾಸ್ಕನ್ನು ಗೊಂಬೆಗೆ ಹಾಕಿ, ಅತ್ತರೆ ನೋಡು ಎಂದು ಗದರುತ್ತಿದ್ದಳು.

ಹೃದಯದ ತೂತು ಮುಚ್ಚುವ ನಲವತ್ತು ನಿಮಿಷ ರಕ್ತ ಓಡಿಸುವ ಕೆಲಸ ಯಂತ್ರದ್ದು ಎಂದು ಡಾಕ್ಟರು ಆಗಲೇ ಎರಡು ಸಲ ವಿವರಿಸಿದ್ದರು. ಅಮ್ಮನಿಗೆ ಬೇಕಾಗಿದ್ದದ್ದು ಒಂದೇ ಉತ್ತರ: ನಿಂತದ್ದು ಮತ್ತೆ ಹೊರಡುತ್ತದೆಯೇ?

“ಮಾಸ್ಕಲ್ಲಿ ನಾವು ಕೊಡೋ ಗಾಳಿ ಬರೀ ನಿದ್ದೆಗಲ್ಲಮ್ಮ. ನಿಲ್ಲಿಸೋ ಮುಂಚೆ ಸ್ವಲ್ಪ ಹೊತ್ತು ಕೊಟ್ಟರೆ, ಮುಂದಿನ ಕಷ್ಟ ತಡ್ಕೊಳ್ಳೋಕೆ ಹೃದಯದ ಸ್ನಾಯು ತಯಾರಾಗುತ್ತೆ ಅನ್ನೋ ನಂಬಿಕೆ ನಮ್ಮದು. ಖಾತ್ರಿ ಅಂತ ಹೇಳಲ್ಲ.”

ಪಕ್ಕದಲ್ಲಿ ಕೂತಿದ್ದ ಅಜ್ಜಿ, ಅಂದರೆ ಅಮ್ಮನ ಅಮ್ಮ, ಈಗ ನಕ್ಕಳು. ಮೂವತ್ತು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ಹೊಸ ಮಗು ಬಂದರೆ ಮೊದಲ ದಿನ ತಾಯಿಯನ್ನು ಐದು ನಿಮಿಷ ಬಾಗಿಲಾಚೆ ನಿಲ್ಲಿಸುವುದು, ಮರುದಿನ ಹತ್ತು ನಿಮಿಷ. ಇದು ಅವಳ ಕ್ರಮ.

“ಅಭ್ಯಾಸ ಮಾಡ್ಸೋದು ತಾನೇ ಡಾಕ್ಟ್ರೇ? ಅದು ನಂಗೊತ್ತು. ಸಹಿ ಹಾಕೇ ನೀನು.”

ಸಹಿ ಬಿತ್ತು. ಆದರೆ ಅಲ್ಲಿಂದ ಶುರುವಾಯಿತು ನೋಡಿ ಅಜ್ಜಿಯ ಕಾಟ. ಬಿಸಿನೀರು ತಾ, ಸೋಪು ತಾ, ಗೇಟಿನ ಹತ್ತಿರ ನನ್ನ ಕೊಡೆ ಬಿದ್ದಿದೆಯಾ ನೋಡು. ಸಂಜೆಯೊಳಗೆ ಗುಬ್ಬಿಯ ಅಮ್ಮನನ್ನು ಆರು ಸಲ ವಾರ್ಡಿನಿಂದ ಹೊರಗಟ್ಟಿದಳು, ಪ್ರತಿ ಸಲವೂ ಇನ್ನಷ್ಟು ದೂರಕ್ಕೆ. ವಯಸ್ಸಾದ ಮೇಲೆ ಹೊತ್ತುಗೊತ್ತು ತಿಳಿಯುವುದಿಲ್ಲ ಎಂದು ಮಗಳು ಗೊಣಗಿಕೊಂಡೇ ಓಡಾಡಿದಳು.

ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಗುಬ್ಬಿ ಡಾಕ್ಟರ ಸೊಂಟವೇರಿ ಕೈ ಬೀಸಿದಳು. ಅಮ್ಮನೂ ಬೀಸಿದಳು. ಕಾಲು ನಡುಗಲಿಲ್ಲ, ಅಳು ಬರಲಿಲ್ಲ; ಅವಳಿಗೇ ಆಶ್ಚರ್ಯ. ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ ಕೇಳಿದಳು:

“ಅಮ್ಮಾ, ನಿನ್ನ ಕೊಡೆ ನಿಜವಾಗ್ಲೂ ಕಳೆದಿತ್ತಾ?”

“ಬ್ಯಾಗಲ್ಲೇ ಇತ್ತು.”

ಮಧ್ಯಾಹ್ನ ಡಾಕ್ಟರು ಟೋಪಿ ಕಳಚುತ್ತಾ ಹೊರಬಂದರು. ತೂತು ಮುಚ್ಚಿದೆ, ಹೃದಯ ತಾನಾಗಿಯೇ ಹೊರಟಿತು, ಎಬ್ಬಿಸುವ ಕೆಲಸವೇ ಬೀಳಲಿಲ್ಲ ಎಂದರು. ಗುಬ್ಬಿಯ ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಬಾ, ಗಾಜಿನಾಚೆಯಿಂದಲಾದರೂ ನೋಡೋಣ ಎಂದು ಸಂತೋಷದಿಂದ ತಿರುಗಿದರೆ, ಅಜ್ಜಿಗೆ ಬೆಂಚಿನಿಂದ ಏಳಲು ಆಗುತ್ತಿಲ್ಲ. ಶಿಶುವಿಹಾರಕ್ಕೆ ಹೊಸದಾಗಿ ಬಂದ ಮಗುವಿನಂತೆ ಅವಳು ಮಗಳ ಒಂದು ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ನಂಗೆ ಮಾತ್ರ ಯಾರೂ ಅಭ್ಯಾಸ ಮಾಡ್ಸಿರ್ಲಿಲ್ಲ ಕಣೇ.”